ಬ್ಯಾಂಕಾಕಿನ ಹನುಮಂತ

ಬೆನ್ನಿಗೊಂದು ಚೀಲ, ಜೇಬಿನಲ್ಲಿ ಎಣಿಸಿಟ್ಟ ಹಣ, ಜೊತೆಗೆ ನಡೆದು ದಣಿಯದ ಮಿತ್ರ. ಬ್ಯಾಂಕಾಕ್ ನಗರವನ್ನು ನೋಡಲು ಇದಕ್ಕಿಂತ ಸಿರಿ ಬೇಡ. ಚಾವೊ ಫ್ರಯಾ ನದಿಯಲ್ಲಿ ದೋಣಿಯೇರಿ ತಾ ಚಾಂಗ್ ಘಟ್ಟದಲ್ಲಿಳಿದು ಪಚ್ಚೆ ಬುದ್ಧನ ಗುಡಿಗೆ ನಡೆದೆವು. ಮೊಣಕಾಲು ಕಾಣುವ ಉಡುಪಿನವರಿಗೆ ಅಲ್ಲಿ ಪ್ರವೇಶವಿಲ್ಲ, ಮೆಚ್ಚತಕ್ಕ ನಿಯಮ.

ಗುಡಿಯ ಸುತ್ತಣ ಪ್ರಾಕಾರದ ಗೋಡೆಯ ಮೇಲೆ 178 ಚಿತ್ರಗಳಲ್ಲಿ ಥಾಯಿ ಜನರ ರಾಮಾಯಣವಾದ ‘ರಾಮಕಿಯೆನ್’ ಹರಡಿದೆ. 1782ರಲ್ಲಿ ಈ ರಾಜಧಾನಿಯನ್ನು ಕಟ್ಟಿದ ಒಂದನೆಯ ರಾಮನೆಂಬ ದೊರೆಯೇ ಆ ಕಾವ್ಯವನ್ನು ಬರೆಯಿಸಿದನು. ಇಲ್ಲಿ ಹನುಮಂತನದು ಬೆಳ್ಳನೆಯ ಮೈ. ಸೇತುವೆಯ ಕಲ್ಲುಗಳನ್ನು ಕದಿಯುತ್ತಿದ್ದ ಸುವರ್ಣಮತ್ಸ್ಯೆಯನ್ನು ಹಿಡಿಯಲು ಕಡಲಿಗೆ ಧುಮುಕಿದವನು ಅವಳಿಗೇ ಒಲಿದುಬಿಡುತ್ತಾನೆ! ಅವಳಾದರೋ ರಾವಣನ ಮಗಳು.

ಶನಿವಾರ ತಪ್ಪದೆ ಆಂಜನೇಯನ ಗುಡಿಗೆ ಹೋಗುವ ನನ್ನ ಮಿತ್ರನ ಮುಖ ಕಪ್ಪಿಟ್ಟಿತು. “ಇದು ಅಪಚಾರವಯ್ಯಾ, ನಡೆ ಹೋಗೋಣ” ಎಂದನು. ಜೈನ ರಾಮಾಯಣಗಳಲ್ಲಿಯೂ ಹನುಮಂತನು ಮದುವೆಯಾದವನೇ ಎಂದು ನಾನು ಪಾಠ ಹೇಳಹೊರಟೆ, ಅವನು ಕಿವಿಗೊಡಲಿಲ್ಲ.

ತುಸು ಮುಂದೆ ಚಿತ್ರಗಾರನೊಬ್ಬನು ಮಾಸಿದ ಗೋಡೆಗೆ ಸಣ್ಣ ಕುಂಚದಿಂದ ಬಣ್ಣ ತುಂಬುತ್ತಿದ್ದನು. ಹನುಮಂತನ ಬಾಲ ಮುಗಿದಿತ್ತು, ಮುಖ ಆಗಬೇಕಾಗಿತ್ತು. ಮಿತ್ರನು ಅಲ್ಲಿಯೇ ನಿಂತನು; ಅರ್ಧ ಗಂಟೆಯಾದರೂ ಕದಲಲಿಲ್ಲ. ದೋಣಿಗೆ ಹೊತ್ತಾಯಿತೆಂದು ಎಚ್ಚರಿಸಿದೆ.

“ತಾಳಯ್ಯಾ, ಕಣ್ಣು ಬರೆಯುತ್ತಿದ್ದಾನೆ” ಎಂದನು.