ಊರುಗೋಲಿನ ವರಸೆ

ಮುಪ್ಪಿನ ಲಕ್ಷಣಗಳಲ್ಲಿ ಊರುಗೋಲಿನಷ್ಟು ದೂರದಿಂದ ಗೋಚರಿಸುವುದು ಮತ್ತೊಂದಿಲ್ಲ. ತಲೆಯ ನರೆಯನ್ನು ಟೋಪಿ ಮರೆಮಾಡೀತು, ದೃಷ್ಟಿಮಾಂದ್ಯವನ್ನು ಕನ್ನಡಕ ನೀಗೀತು. ಆದರೆ ಕೋಲನ್ನೂರಿ ಬರುವವನನ್ನು ಕಂಡು ಸಜ್ಜನನು ದಾರಿ ಬಿಟ್ಟುಕೊಟ್ಟರೆ, ದುರ್ಜನನು, ಈತನು ಓಡಲಾರನು, ಎದುರಿಸಲಾರನು ಎಂದು ಮನಸ್ಸಿನಲ್ಲಿಯೇ ಲೆಕ್ಕ ಹಾಕಿಬಿಡುತ್ತಾನೆ. ಮೊಣಕಾಲಿನ ವ್ಯಾಧಿಯಿಂದ ನನ್ನ ಕೈಗೂ ಬೆತ್ತ ಬಂದ ಮೇಲೆ, ಸಂಜೆಯ ಸಂಚಾರವನ್ನು ಕತ್ತಲಾಗುವ ಮುನ್ನವೇ ಮುಗಿಸಿ ಮನೆ ಸೇರುವ ಅಭ್ಯಾಸವು ನನಗರಿವಿಲ್ಲದೆಯೇ ಬೆಳೆಯಿತು. ಉಳಿದ ಆಯುಷ್ಯವನ್ನು ಆ ಭಯದ ಅಧೀನದಲ್ಲಿ ಕಳೆಯಲು ಮನಸ್ಸೊಪ್ಪದೆ, ಮೈಸೂರಿನ ಗರಡಿಯೊಂದರಲ್ಲಿ ದೊಣ್ಣೆವರಸೆ ಕಲಿಸುತ್ತಿದ್ದ ಹಿರಿಯ ಉಸ್ತಾದರಲ್ಲಿಗೆ ಹೋಗಿ, ಈ ಬೆತ್ತದಿಂದಲೇ ಆತ್ಮರಕ್ಷಣೆ ಮಾಡಿಕೊಳ್ಳುವ ಬಗೆಯನ್ನು ತಿಳಿಸಿಕೊಡಬೇಕೆಂದು ಬೇಡಿಕೊಂಡೆನು.

ಹನುಮಂತನ ಪಟಕ್ಕೆ ಕೈಮುಗಿಸಿ, ಮಟ್ಟಿಯ ಕೆಮ್ಮಣ್ಣಿನ ಅಂಚಿನಲ್ಲಿ ನನ್ನನ್ನು ನಿಲ್ಲಿಸಿಕೊಂಡು ಅವರು ಹೇಳಿದರು: "ಮೇಷ್ಟ್ರೇ, ಕೋಲಿನ ಮೇಲೆ ಭಾರ ಬಿಟ್ಟು ನಿಂತವರು ಆ ಕೋಲನ್ನ ಬೀಸೋಕಾಗಲ್ಲ. ಮೊದ್ಲು ನಿಮ್ಮ ಕಾಲ ಮೇಲೆ ನೀವು ನಿಂತ್ಕೊಳ್ಳಿ."

ನೆಲಕ್ಕೂರಿದ ಕೋಲು ಆಧಾರವಾದೀತೇ ಹೊರತು ಆಯುಧವಾಗಲಾರದು. ಆಯುಧವಾಗಬೇಕಾದರೆ ಅದು ನೆಲವನ್ನು ಬಿಡಬೇಕು, ಬಿಟ್ಟ ಕ್ಷಣದಲ್ಲಿ ದೇಹವು ತನ್ನ ಭಾರವನ್ನು ತಾನೇ ಹೊರಬೇಕು. ಆದಕಾರಣ ಮೊದಲ ಪಾಠಗಳೆಲ್ಲ ಪಾದಗಳಿಗೇ ಸಂದವು: ಒಂದು ಹೆಜ್ಜೆ ಮುಂದಿಟ್ಟು, ಮೊಣಕಾಲುಗಳನ್ನು ನೋವಾಗದಷ್ಟು ಸಡಿಲಿಸಿ, ಹಿಂದಕ್ಕೂ ಓರೆಗೂ ಜರುಗುವುದು. ಕೈಯ ಪಾಠ ಬಂದದ್ದು ಆಮೇಲೆ. ಕೋಲನ್ನು ಹೆಗಲಾಚೆಗೆ ಎತ್ತಿ ಬೀಸಿದರೆ ಎದುರಾಳಿಗೆ ಮುನ್ಸೂಚನೆ ದೊರೆಯುತ್ತದೆ, ಅವನು ಅದನ್ನು ಹಿಡಿದು ಕಸಿಯಲೂಬಹುದು. ಮಣಿಕಟ್ಟಿನ ತಿರುವಿನಿಂದಲೇ ಅವನ ಮುಂಗೈಗೋ ಮೊಣಕಾಲಿನ ಕೆಳಗಣ ಎಲುಬಿಗೋ ಚುರುಕಾಗಿ ತಾಗಿಸಿ, ಒಡನೆಯೇ ಹಿಂದೆಳೆದುಕೊಳ್ಳಬೇಕು. ತೀರ ಸಮೀಪಿಸಿದವನನ್ನು, ಎರಡೂ ಕೈಗಳಿಂದ ಬಿಗಿಹಿಡಿದ ಬೆತ್ತದ ತುದಿಯಿಂದ ತಿವಿದು ದೂರ ಸರಿಸಬೇಕು.

ಪಾಶ್ಚಾತ್ಯರೂ ಈ ವಿದ್ಯೆಯನ್ನು ಆದರದಿಂದ ಬೆಳೆಸಿದ್ದಾರೆ. ಸ್ವಿಟ್ಜರ್‌ಲೆಂಡಿನ ಪಿಯೇರ್ ವಿನ್ಯಿ ಎಂಬ ಆಚಾರ್ಯನು ರೂಪಿಸಿದ ಬೆತ್ತದ ವರಸೆಯನ್ನು ಬಾರ್ಟನ್-ರೈಟ್ ಎಂಬ ಆಂಗ್ಲ ಎಂಜಿನಿಯರನು 1901ರಲ್ಲಿ ಲಂಡನ್ನಿನ ಪಿಯರ್ಸನ್ಸ್ ಮಾಸಪತ್ರಿಕೆಯಲ್ಲಿ ಚಿತ್ರಸಹಿತವಾಗಿ ವಿವರಿಸಿದನು. ನಮ್ಮ ದೇಶದಲ್ಲಿಯೇ ಪೊಲೀಸ್ ಅಧಿಕಾರಿಯಾಗಿದ್ದ ಎಚ್. ಜಿ. ಲ್ಯಾಂಗ್ ಎಂಬಾತನು 1923ರಲ್ಲಿ ಇದನ್ನು ಕುರಿತು ಗ್ರಂಥವನ್ನೇ ಪ್ರಕಟಿಸಿದನು. ಖಡ್ಗದ ಹಿಡಿಗೆ ಇರುವಂಥ ಕಾಪು ಬೆತ್ತಕ್ಕಿಲ್ಲವಾಗಿ, ಅದನ್ನು ಮುಂದೆ ಚಾಚಿ ತಡೆದರೆ ಎದುರಾಳಿಯ ಪೆಟ್ಟು ಕೋಲಿನುದ್ದಕ್ಕೂ ಜಾರಿ ಬಂದು ಬೆರಳುಗಳನ್ನೇ ಜಜ್ಜುತ್ತದೆ. ಇದನ್ನು ಮನಗಂಡ ವಿನ್ಯಿಯು ಕೋಲು ಹಿಡಿದ ಕೈಯನ್ನು ತಲೆಗಿಂತ ಮೇಲಕ್ಕೆತ್ತಿ ಇರಿಸಿಕೊಂಡು, ಪೆಟ್ಟು ಬಂದಾಗ ಹಿಂದೆ ಸರಿದು ಅದನ್ನು ವ್ಯರ್ಥಗೊಳಿಸಿ, ಅನಂತರವೇ ಪ್ರತ್ಯುತ್ತರ ಕೊಡುವ ಕ್ರಮವನ್ನು ಬೋಧಿಸಿದನು. ಅಲ್ಲಿಯೂ ಕೈಯನ್ನು ಕಾಯುವುದು ಕಾಲೇ.

ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡಕೂಡದೆಂದು 1860ರ ದಂಡಸಂಹಿತೆಯ 99ನೆಯ ಕಲಮು ವಿಧಿಸಿದ್ದ ಮಿತಿಯು ಹೊಸ ನ್ಯಾಯ ಸಂಹಿತೆಯಲ್ಲಿಯೂ ಉಳಿದುಬಂದಿದೆ. ಈ ಮಿತಿಯನ್ನು ಪಾಲಿಸಬಲ್ಲವನು ಅಭ್ಯಾಸವುಳ್ಳವನೇ ಎಂಬುದು ನನ್ನ ದೃಢವಾದ ನಂಬಿಕೆ. ಭೀತನಾದವನು ಕಣ್ಮುಚ್ಚಿ ತಲೆಗೆ ಹೊಡೆಯುತ್ತಾನೆ; ಕಲಿತವನು ಮುಂಗೈಗೆ ತಾಗಿಸಿ, ಬಿಡುವು ದೊರೆತೊಡನೆ ಅಲ್ಲಿಂದ ಹೊರಟುಬರುತ್ತಾನೆ.

ಇಂದಿನವರೆಗೆ ನಾನು ಯಾರ ಮೇಲೆಯೂ ಬೆತ್ತವೆತ್ತುವ ಪ್ರಸಂಗ ಬಂದಿಲ್ಲ. ಬಾರದಿರಲೆಂದೇ ನನ್ನ ಪ್ರಾರ್ಥನೆ. ಆದರೆ ನೆಲವನ್ನು ದೃಢವಾಗಿ ಮೆಟ್ಟುವ ಶಕ್ತಿ ಕಾಲಿಗೆ ಮರಳಿದೆ, ತಗ್ಗಿಹೋಗಿದ್ದ ದೃಷ್ಟಿ ಎದುರು ಬರುವವರ ಮುಖವನ್ನು ನೇರವಾಗಿ ನೋಡುತ್ತದೆ. ವೃದ್ಧರಿಗೆ ಊರುಗೋಲನ್ನು ತಂದುಕೊಟ್ಟು ಕರ್ತವ್ಯ ಮುಗಿಯಿತೆಂದು ಭಾವಿಸುವ ಮಕ್ಕಳು, ಅದನ್ನು ಎತ್ತಿ ನಿಲ್ಲುವ ಕಲೆಯನ್ನೂ ಅವರಿಗೆ ಕೊಡಿಸಬೇಕು; ತರುಣರಿಲ್ಲದೆ ಬರಿದಾಗುತ್ತಿರುವ ನಮ್ಮ ಗರಡಿಗಳು ಬೆಳಗಿನ ಒಂದು ತಾಸನ್ನು ಹಿರಿಯರಿಗೆ ಮೀಸಲಿಟ್ಟರೆ, ಆ ವಿದ್ಯೆಯೂ ಉಳಿದೀತು, ಈ ಹಿರಿಯರೂ ಕತ್ತಲಿಗೆ ಅಂಜದೆ ಬೀದಿಯಲ್ಲಿ ನಡೆದಾರು.