ಕಾಠಿನ್ಯದ ಅಳತೆ ಆಡುವವರ ಕೈಯಲ್ಲಿ

ಆಟವೆಂಬುದು ಕೇವಲ ಕಾಲಹರಣವೆಂದು ಭಾವಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ಅದರಲ್ಲಿಯೂ ಮಕ್ಕಳು ಪರದೆಯ ಮುಂದೆ ಕುಳಿತು ಆಡುವ ವಿಡಿಯೋ ಗೇಮ್ ಎಂದೊಡನೆ ಹುಬ್ಬು ಗಂಟಿಕ್ಕುವ ಹಿರಿಯರು ಮನೆಮನೆಯಲ್ಲಿಯೂ ಉಂಟು. ಅದರಿಂದ ಕಣ್ಣಿಗಾಗುವ ಆಯಾಸ, ಓದಿಗೊದಗುವ ಅಡ್ಡಿ ಇವೆಲ್ಲ ಬೇರೆಯೇ ಚರ್ಚೆಯ ವಿಷಯ. ಓದುಗ ಬಂಧುಗಳೇ, ಇಂದು ನಾನು ತಮ್ಮ ಗಮನಕ್ಕೆ ತರಬಯಸುವುದು ಆ ಆಟಗಳೊಳಗೇ ಅಡಗಿರುವ ಒಂದು ಪ್ರಶ್ನೆಯನ್ನು. ಆಟದ ಕಷ್ಟವೆಷ್ಟಿರಬೇಕೆಂದು ನಿರ್ಧರಿಸಬೇಕಾದವರು ಯಾರು? ರಚಿಸಿದವರೋ, ನೋಡುವವರೋ, ಆಡುವವರೋ?

ಈ ಪ್ರಶ್ನೆ ನಮ್ಮ ಮನೆಯಲ್ಲಿ ಒಂದು ಕಲಹದ ರೂಪದಲ್ಲಿ ಎದುರಾಯಿತು. ಆಲೂರು ಸೀಮೆಯ ಗುಡ್ಡದಲ್ಲಿರುವ ನಮ್ಮ ತೋಟದ ಮನೆಗೆ ಬೇಸಗೆಯ ರಜೆಯಲ್ಲಿ ಮೊಮ್ಮಕ್ಕಳಿಬ್ಬರು ಬಂದಿದ್ದರು. ಅಣ್ಣನಿಗೆ ೧೭ ವರ್ಷ, ತಂಗಿಗೆ ೧೩. ತಂಗಿಯ ಬಲಗೈ ಚಿಕ್ಕಂದಿನಿಂದಲೂ ದುರ್ಬಲವಾದುದು. ಬೆರಳುಗಳು ಬೇಗ ಓಡಲಾರವು. ಟಿ.ವಿ.ಗೆ ಜೋಡಿಸುವ ಯಂತ್ರವೊಂದನ್ನು ತಂದು, ಇಬ್ಬರೂ ಸರದಿಯ ಮೇಲೆ ಎಲ್ಡನ್ ರಿಂಗ್ ಎಂಬ ಆಟವಾಡುತ್ತಿದ್ದರು. ಅದರಲ್ಲಿ ಕೋಟೆಯೊಂದರ ಮುಂದೆ ದಾರಿಗಟ್ಟುವ ಮಾರ್ಗಿಟ್ ಎಂಬ ಎದುರಾಳಿಯನ್ನು ಹುಡುಗಿ ಹಲವು ಸಂಜೆಗಳ ಪ್ರಯತ್ನದಿಂದ ಕೊನೆಗೂ ಗೆದ್ದಳು. ಆಗ ಅಣ್ಣ, “ಸಹಾಯಕ್ಕೆ ಆತ್ಮಗಳನ್ನು ಕರೆದು ಗೆದ್ದದ್ದು ಗೆಲುವೇ ಅಲ್ಲ” ಎಂದುಬಿಟ್ಟ. ಆಕೆ ಮರುಮಾತಾಡದೆ ಎದ್ದು ಹೋದಳು. ಎರಡು ದಿನ ಆಟದ ಕಡೆಗೆ ತಿರುಗಿಯೂ ನೋಡಲಿಲ್ಲ. ಅಣ್ಣನೊಡನೆ ಮಾತೂ ಇಲ್ಲ.

ನ್ಯಾಯ ಹೇಳುವ ಮೊದಲು ವಿಷಯವನ್ನು ಅರಿಯಬೇಕಷ್ಟೆ. ಮಕ್ಕಳಿಂದಲೇ ಕೇಳಿ, ಓದಿ ತಿಳಿದುದನ್ನು ಇಲ್ಲಿ ನಿವೇದಿಸುತ್ತೇನೆ. ಆಡುವವನು ಒಂದು ಪಾತ್ರವನ್ನು ಧರಿಸಿ, ಅದರ ಶಕ್ತಿಯನ್ನು ಕ್ರಮೇಣ ಬೆಳೆಸುತ್ತ ಸಾಗುವ ಈ ಬಗೆಯ ಆಟಕ್ಕೆ ಮೂಲವಾದುದು ೧೯೭೪ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅದನ್ನು ಕಾಗದ, ಪೆನ್ಸಿಲು, ದಾಳಗಳಿಂದ ಮೇಜಿನ ಸುತ್ತ ಕುಳಿತು ಆಡುತ್ತಿದ್ದರು. ಮುಂದೆ ಅದೇ ಬಗೆ ಕಂಪ್ಯೂಟರಿಗೆ ಬಂದಿತು.

ಇಂಥ ಆಟಗಳ ಕಾಠಿನ್ಯವನ್ನು ಹೊಂದಿಸಿಕೊಳ್ಳಲು ಎರಡು ಮಾರ್ಗಗಳುಂಟು. ಮೊದಲನೆಯದು ಆಟವೇ ಒದಗಿಸುವ ಮಟ್ಟಗಳು. ೨೦೧೧ರಲ್ಲಿ ಬಂದ ಸ್ಕೈರಿಮ್ ಎಂಬ ಆಟದಲ್ಲಿ, ೨೦೧೩ರಲ್ಲಿ ಸೇರಿಸಲಾದ ಅತ್ಯುನ್ನತ ಮಟ್ಟವನ್ನು ಆರಿಸಿಕೊಂಡರೆ ವೈರಿಯ ಏಟು ಮೂರು ಪಟ್ಟಾಗುತ್ತದೆ, ನಮ್ಮ ಏಟು ಕಾಲು ಭಾಗಕ್ಕಿಳಿಯುತ್ತದೆ. ವೈರಿಯ ಬುದ್ಧಿ ಮಾತ್ರ ಇದರಿಂದ ಎಳ್ಳಷ್ಟೂ ಹೆಚ್ಚುವುದಿಲ್ಲ. ಎರಡನೆಯ ಮಾರ್ಗ ಆಡುವ ರೀತಿಯನ್ನೇ ಆರಿಸಿಕೊಳ್ಳುವುದು. ೨೦೨೨ರ ಫೆಬ್ರವರಿಯಲ್ಲಿ ಜಪಾನಿನ ಹಿದೆತಾಕಾ ಮಿಯಾಝಾಕಿಯವರ ನಿರ್ದೇಶನದಲ್ಲಿ ಹೊರಬಂದ ಎಲ್ಡನ್ ರಿಂಗ್‌ನಲ್ಲಿ ಸುಲಭ, ಕಠಿಣ ಎಂಬ ಮಟ್ಟಗಳೇ ಇಲ್ಲ. ಎಲ್ಲರಿಗೂ ಅದೇ ವೈರಿ, ಅದೇ ಏಟು. ಆದರೆ ಕವಚವಿಲ್ಲದೆ, ಕೈಯಲ್ಲೊಂದು ದೊಣ್ಣೆ ಹಿಡಿದು ಮೊದಲ ಮೆಟ್ಟಿಲಿನಿಂದ ಹೊರಡುವ ನಿರ್ಗತಿಕನಾಗಬಹುದು. ದೂರದಿಂದಲೇ ಮಂತ್ರ ಪ್ರಯೋಗಿಸುವ ಜ್ಯೋತಿಷಿಯಾಗಬಹುದು. ದೊಡ್ಡ ಗುರಾಣಿಯ ಮರೆಯಲ್ಲಿ ನಿಲ್ಲಬಹುದು. ಮೃತರ ಭಸ್ಮದಿಂದ ಆತ್ಮಗಳನ್ನು ಕರೆದು ನೆರವು ಪಡೆಯಬಹುದು. ಗಳಿಸಿದ ರೂನುಗಳನ್ನು ವೆಚ್ಚಮಾಡಿ ಬಲ ಹೆಚ್ಚಿಸಿಕೊಳ್ಳಬಹುದು. ಬೇಡವೆಂದು ಕೊನೆಯವರೆಗೂ ಮೊದಲ ಮಟ್ಟದಲ್ಲಿಯೇ ಉಳಿಯಲೂಬಹುದು. ಇವೆಲ್ಲವೂ ರಚಿಸಿದವರೇ ತೆರೆದಿಟ್ಟ ದಾರಿಗಳು.

ಕೆಲವರು ಇನ್ನೂ ಮುಂದೆ ಹೋಗಿ ಆಟದಲ್ಲಿಲ್ಲದ ನಿಯಮವನ್ನು ತಾವೇ ಹಾಕಿಕೊಳ್ಳುತ್ತಾರೆ. ೨೦೧೦ರಲ್ಲಿ ಅಮೆರಿಕದ ಚಿತ್ರಕಥೆಗಾರನೊಬ್ಬನಿಂದ ಪೋಕೆಮಾನ್ ಆಟಕ್ಕೆ ನಜ್‌ಲಾಕ್ ಎಂಬ ಪದ್ಧತಿ ಹುಟ್ಟಿತು. ಒಂದೊಂದು ಪ್ರದೇಶದಲ್ಲಿ ಮೊದಲು ಎದುರಾದ ಜೀವಿಯನ್ನು ಮಾತ್ರ ಹಿಡಿಯತಕ್ಕದ್ದು. ಕಾಳಗದಲ್ಲಿ ಮೂರ್ಛೆಹೋದುದನ್ನು ಸತ್ತಿತೆಂದೇ ಬಗೆದು ಬಿಟ್ಟುಬಿಡತಕ್ಕದ್ದು. ಮಕ್ಕಳ ಆಟವೆನಿಸಿದ್ದುದು ಅದರಿಂದ ಎದೆ ನಡುಗಿಸುವಂಥದಾಯಿತು.

ಇದು ನಮಗೆ ತೀರ ಹೊಸತೂ ಅಲ್ಲ. ಮಳೆಗಾಲದಲ್ಲಿ ಅಳಗುಳಿಮಣೆಯ ಹದಿನಾಲ್ಕು ಗುಳಿಗಳಿಗೆ ಹುಣಸೆಬೀಜ ತುಂಬಿ ಆಡುವಾಗ, ನಮ್ಮ ಅಜ್ಜಿ ದೊಡ್ಡವರೊಡನೆ ಬೀಜಗಳನ್ನು ಕಣ್ಣಳತೆಯಲ್ಲಿಯೇ ಲೆಕ್ಕಹಾಕಿ ಗುಳಿ ಆರಿಸುತ್ತಿದ್ದರು. ಮಕ್ಕಳೊಡನೆ ಆಡುವಾಗ ಬೇಕೆಂದೇ ಲೆಕ್ಕ ಬಿಟ್ಟು ಕೈಗೆ ಬಂದ ಗುಳಿಯನ್ನು ಎತ್ತುತ್ತಿದ್ದರು. ಮಣೆ ಅದೇ, ಬೀಜವೂ ಅದೇ. ಎದುರಿಗೆ ಕುಳಿತವರನ್ನು ನೋಡಿ ಆಡುವ ರೀತಿಯನ್ನು ಬದಲಿಸಿದರೆ ಇಬ್ಬರಿಗೂ ಆಟ ಆಟವಾಗಿಯೇ ಉಳಿಯುತ್ತಿತ್ತು.

ಈಗ ಹುಡುಗನ ವಿಷಯಕ್ಕೆ ಬರೋಣ. ಅವನು ಗುರಾಣಿ ಹಿಡಿಯುವುದಿಲ್ಲ, ಆತ್ಮಗಳನ್ನು ಕರೆಯುವುದಿಲ್ಲ ಎಂಬ ನೇಮ ಹಿಡಿದಿದ್ದ. ಒಂದು ರಾತ್ರಿ, ಸೋಲು ಸಮೀಪಿಸಿದಾಗ ಗುರಾಣಿಯೆತ್ತಿ ಗೆದ್ದುಬಿಟ್ಟನಂತೆ. ನೋಡಿದವರಾರೂ ಇಲ್ಲ. ಆದರೂ ಬೆಳಿಗ್ಗೆ ಆ ಪಾತ್ರವನ್ನೇ ಅಳಿಸಿ ಮೊದಲಿನಿಂದ ಆರಂಭಿಸಿದ್ದ. ಕಾರಣ ಕೇಳಿದಾಗ ಅವನೇ ಹೇಳಿದ ಸಂಗತಿಯಿದು. ಯಾರ ಕಣ್ಣಿಗೂ ಬೀಳದ ನಿಯಮಕ್ಕೆ ಇಷ್ಟು ನಿಷ್ಠೆ ತೋರಿದ ಹುಡುಗನ ಬಗ್ಗೆ ನನಗೆ ಗೌರವವೇ ಉಂಟಾಯಿತು. ಅದಕ್ಕಾಗಿಯೇ ಅವನಿಗೆ ಹೇಳಬೇಕಾದ ಮಾತೂ ಇತ್ತು.

“ಮಗು, ನಿನ್ನ ನೇಮ ದೊಡ್ಡದು. ಆದರೆ ಅದನ್ನು ನಿನ್ನ ಮೈಗೆ ಅಳತೆ ಮಾಡಿ ಹೊಲಿಸಿದ್ದೀಯೆ. ತಂಗಿಗೆ ತೊಡಿಸಲು ಹೋಗಬೇಡ. ನಿನ್ನ ಬೆರಳಿನ ವೇಗ ಅವಳಿಗಿಲ್ಲ. ಯಾವಾಗ ಕರೆಯಬೇಕು, ಎಲ್ಲಿ ನಿಲ್ಲಬೇಕು ಎಂದು ಯೋಚಿಸಿ ಗೆದ್ದಿದ್ದಾಳೆ. ಮಂಜರಾಬಾದ್ ಕೋಟೆಯ ಮೆಟ್ಟಿಲನ್ನು ನೀನು ಒಂದೇ ಉಸಿರಿಗೆ ಹತ್ತಿದೆ, ನಾನು ಕೋಲೂರಿ ನಾಲ್ಕು ಕಡೆ ಕುಳಿತು ಹತ್ತಿದೆ. ನಾನು ಕೋಟೆ ನೋಡಲಿಲ್ಲವೆನ್ನುತ್ತೀಯಾ?”

“ಹಾಗಾದರೆ ತಾತ, ಎಲ್ಲರೂ ಸುಲಭದ ದಾರಿಯನ್ನೇ ಹಿಡಿದರೆ?” ಎಂದ. ಯೋಗ್ಯವಾದ ಪ್ರಶ್ನೆ. ಕಷ್ಟವನ್ನು ಪೂರ್ತಿ ತೆಗೆದುಹಾಕಿದರೆ ಯೋಚಿಸಬೇಕಾದುದೇನೂ ಉಳಿಯದೆ ಆಟ ಬೇಸರವಾಗುತ್ತದೆ. ಮಿತಿಮೀರಿ ಏರಿಸಿದರೆ ಮನಸ್ಸು ಮುರಿಯುತ್ತದೆ. ನಡುವಿನ ಹದ ಯಾವುದೆಂಬುದು ಹೊರಗಿನವರಿಗೆ ಕಾಣದು, ಆಡುವವರಿಗೆ ತಿಳಿಯುತ್ತದೆ. ಮುಂದಿನ ವಾರ ಹುಡುಗಿ ತಾನಾಗಿಯೇ ಒಂದು ಕಾಳಗಕ್ಕೆ ಯಾರನ್ನೂ ಕರೆಯದೆ ಇಳಿದಳು. ಸೋತಳು, ಮತ್ತೆ ಇಳಿದಳು, ಆಮೇಲೆ ತನ್ನ ಹಳೆಯ ರೀತಿಗೇ ಮರಳಿದಳು. ಯಾರೂ ಹೇಳಬೇಕಾಗಲಿಲ್ಲ. ಅಣ್ಣ ಕ್ಷಮೆ ಕೇಳಲಿಲ್ಲ. ಆ ವಯಸ್ಸಿನ ಹುಡುಗರು ಕೇಳುವುದು ಅಪರೂಪ. ಆದರೆ ಪಕ್ಕದಲ್ಲಿ ಕುಳಿತು, ಮಂತ್ರಗಾರರು ವೈರಿಯಿಂದ ಎಷ್ಟು ದೂರ ನಿಲ್ಲಬೇಕೆಂದು ತಂಗಿಯನ್ನು ಕೇಳಿ ತಿಳಿಯುತ್ತಿದ್ದ.

ಮಠದ ಪ್ರಸಾದನಿಲಯದಲ್ಲಿ ಓದಿದ ಹಳೆಯ ಸ್ನೇಹಿತರಿಗೆ ಒಂದು ಸಂಗತಿ ನೆನಪಿರಬಹುದು. ಗಂಟೆ ಹೊಡೆಯುವ ಮೊದಲೇ ಎದ್ದು ತಣ್ಣೀರಿನಲ್ಲಿ ಮೀಯುವ ನೇಮದ ಹಿರಿಯ ವಿದ್ಯಾರ್ಥಿಗಳು ಕೆಲವರಿರುತ್ತಿದ್ದರು. ಅವರಲ್ಲಿ ಕೆಲವರು ನಮ್ಮನ್ನು ಹಂಗಿಸುತ್ತಿದ್ದರು. ಮತ್ತೆ ಕೆಲವರು ಜ್ವರ ಬಂದ ಕಿರಿಯರಿಗೆ ತಾವೇ ನೀರು ಕಾಯಿಸಿ ಕೊಡುತ್ತಿದ್ದರು. ನೇಮ ಇಬ್ಬರದೂ ಒಂದೇ. ಇಂದಿಗೂ ಗೌರವದಿಂದ ನೆನೆಯುವುದು ಎರಡನೆಯವರನ್ನು. ತಮ್ಮ ಮನೆಯ ಮಕ್ಕಳು ಆಡುವಾಗ, ಎಷ್ಟು ಹೊತ್ತು ಆಡಿದೆ ಎಂದು ಅವಶ್ಯವಾಗಿ ಕೇಳಿರಿ. ಜೊತೆಗೆ, ಯಾವ ರೀತಿಯಲ್ಲಿ ಆಡಿದೆ, ಅದನ್ನೇ ಏಕೆ ಆರಿಸಿದೆ ಎಂದೂ ಒಮ್ಮೆ ಕೇಳಿ ನೋಡಿರಿ. ಮಕ್ಕಳ ಸ್ವಭಾವವನ್ನು ಅರಿಯಲು ಆ ಉತ್ತರ ನೆರವಾಗುವುದರಲ್ಲಿ ಸಂದೇಹವಿಲ್ಲ.