ಕಾಮಾಲೆಯಿಲ್ಲದ ಕಣ್ಣು

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಗಾದೆ. ನೆರೆಹೊರೆಯವರಲ್ಲಿ ಹುಳುಕು ಹುಡುಕುವವರಿಗೆ ನಾವು ಅದನ್ನು ಅನ್ವಯಿಸುತ್ತೇವೆ. ಆದರೆ ವಿದ್ವಾಂಸರಿಗೂ ಅದು ಸಲ್ಲುತ್ತದೆಂದು ನನಗೆ ಅನೇಕ ಸಲ ತೋರಿದೆ. ಮೊದಲೇ ಒಂದು ಸಿದ್ಧಾಂತವನ್ನು ಕಟ್ಟಿಕೊಂಡು ಹೊರಟವರಿಗೆ ದಾರಿಯ ಕಲ್ಲುಮಣ್ಣೆಲ್ಲ ಅದಕ್ಕೆ ಸಾಕ್ಷಿಯಾಗಿಯೇ ಕಾಣುತ್ತದೆ. ಹೀಗಿರುವಾಗ, ಒಂದು ಬಗೆಯ ಕಾಮಾಲೆಯ ಮೂಲವನ್ನೇ ಪತ್ತೆಹಚ್ಚಿದ ಡಾಕ್ಟರೊಬ್ಬರ ಕಣ್ಣಿಗೆ ಈ ಕಾಮಾಲೆ ತಗುಲಿರಲಿಲ್ಲವೆಂಬುದು ಸ್ವಾರಸ್ಯದ ಸಂಗತಿ. ಅವರೇ ಬರೂಚ್ ಬ್ಲೂಂಬರ್ಗ್.

1925ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಈತ ಕಾಮಾಲೆಯನ್ನು ಹುಡುಕಿಕೊಂಡು ಹೊರಟವರಲ್ಲ. ವೈದ್ಯ ವಿದ್ಯಾರ್ಥಿಯಾಗಿ ದಕ್ಷಿಣ ಅಮೆರಿಕದ ಸುರಿನಾಮಿಗೆ ಹೋಗಿದ್ದಾಗ, ಅಕ್ಕಪಕ್ಕದಲ್ಲೇ ಬಾಳುವ ಬೇರೆ ಬೇರೆ ಜನಾಂಗಗಳವರಲ್ಲಿ ಆನೆಕಾಲು ರೋಗದ ಸೋಂಕು ಕೆಲವರನ್ನು ಹೆಚ್ಚಾಗಿ, ಕೆಲವರನ್ನು ಕಡಮೆಯಾಗಿ ಹಿಡಿಯುವುದನ್ನು ಕಂಡರು. ಏಕೆ ಹೀಗೆ? ಈ ಪ್ರಶ್ನೆ ಅವರನ್ನು ದೇಶದೇಶಗಳ ಜನರ ರಕ್ತ ಕೂಡಿಹಾಕುವ ಕೆಲಸಕ್ಕೆ ಹಚ್ಚಿತು.

ಅವರ ಉಪಾಯ ಸರಳವಾದದ್ದು. ಹಲವು ಸಲ ಪರರ ರಕ್ತ ಪಡೆದವನ ಮೈಯಲ್ಲಿ, ಅದರಲ್ಲಿದ್ದ ಅಪರಿಚಿತ ಅಂಶಗಳಿಗೆ ಪ್ರತಿಯಾಗಿ ಕಾವಲುವಸ್ತುಗಳು ಹುಟ್ಟಿರುತ್ತವೆ. ಅವನ ರಕ್ತದ ತಿಳಿಯನ್ನೂ ಮತ್ತೊಬ್ಬನ ರಕ್ತದ ತಿಳಿಯನ್ನೂ ಅಗರ್ ಲೋಳೆಯಲ್ಲಿ ಎದುರುಬದುರಾಗಿ ಬಿಟ್ಟರೆ, ಅಂಥ ಅಂಶವಿದ್ದಲ್ಲಿ ನಡುವೆ ಒಂದು ಗೆರೆ ಮೂಡುತ್ತದೆ. 1963ರಲ್ಲಿ ಅವರೂ ಸಹೋದ್ಯೋಗಿ ಹಾರ್ವೆ ಆಲ್ಟರರೂ ಅಂಥದೊಂದು ಗೆರೆ ಕಂಡರು. ಒಂದು ಕಡೆಯದು ರಕ್ತ ಹೆಪ್ಪುಗಟ್ಟದ ರೋಗಿಯ ರಕ್ತ. ಇನ್ನೊಂದು ಕಡೆಯದು ಆಸ್ಟ್ರೇಲಿಯದ ಮೂಲನಿವಾಸಿಯದು. ಆ ಅಂಶಕ್ಕೆ ‘ಆಸ್ಟ್ರೇಲಿಯ ಆಂಟಿಜೆನ್’ ಎಂದು ಹೆಸರಾಯಿತು. ಹೆಸರೇನೋ ಬಂತು, ಅರ್ಥ ಬರಲಿಲ್ಲ. ರಕ್ತದ ಕ್ಯಾನ್ಸರಿನವರಲ್ಲಿ ಅದು ಹೆಚ್ಚಾಗಿ ಕಂಡದ್ದರಿಂದ, ಆ ರೋಗಕ್ಕೆ ಒಳಗಾಗುವ ಹುಟ್ಟುಗುಣದ ಗುರುತಿರಬಹುದೆಂದು ಊಹಿಸಿದರು.

ಆದರೆ ಮೊದಲು ಆ ಅಂಶವಿಲ್ಲದಿದ್ದ ರೋಗಿಯೊಬ್ಬನ ರಕ್ತದಲ್ಲಿ ಅದು ಹೊಸದಾಗಿ ತೋರಿತು. ಜೊತೆಗೇ ಯಕೃತ್ತಿನ ಉರಿಯೂತವೂ ಕಾಣಿಸಿತು. ಹುಟ್ಟಿನಿಂದ ಬಂದದ್ದು ನಡುವೆ ಬರುವುದುಂಟೆ? 1967ರಲ್ಲಿ ಫಿಲಡೆಲ್ಫಿಯದ ಅವರ ಪ್ರಯೋಗಶಾಲೆಯ ಸಹಾಯಕಿಗೇ ಮೈ ಸರಿಯಿಲ್ಲವಾಯಿತು. ಆಕೆ ತನ್ನ ರಕ್ತವನ್ನೇ ಪರೀಕ್ಷಿಸಿದಳು, ಗೆರೆ ಮೂಡಿತು, ಬಳಿಕ ಕಾಮಾಲೆಯೂ ಬಂತು. ಅದು ಕಾಮಾಲೆಯ ವೈರಸ್ಸಿನ ಗುರುತೆಂದು ಬ್ಲೂಂಬರ್ಗ್ ಒಪ್ಪಿದರು. ತಮ್ಮ ಹಳೆಯ ಊಹೆಯನ್ನು ಕಾಪಾಡಲು ಅವರು ಹೊಸ ಊಹೆ ಹೆಣೆಯಲಿಲ್ಲ.

ಅದರ ಫಲ ಜಗತ್ತಿಗೆ ದೊರೆಯಿತು. ದಾನಿಗಳ ರಕ್ತ ಪರೀಕ್ಷಿಸುವ ಮಾರ್ಗ ಸಿಕ್ಕಿತು. ಸೋಂಕಿತರ ರಕ್ತದಲ್ಲಿ ತೇಲುವ ವೈರಸ್ಸಿನ ಹೊರಕವಚವನ್ನೇ ಬೇರ್ಪಡಿಸಿ ಲಸಿಕೆ ಮಾಡುವ ವಿಧಾನವನ್ನು 1969ರಲ್ಲಿ ಅವರೂ ಇರ್ವಿಂಗ್ ಮಿಲ್‌ಮನ್ನರೂ ಸೂಚಿಸಿದರು. 1976ರಲ್ಲಿ ನೊಬೆಲ್ ಬಂತು. 1981ರಲ್ಲಿ ಅಮೆರಿಕದಲ್ಲಿ ಲಸಿಕೆಗೆ ಅನುಮತಿ ಬಂತು. 1984ರಲ್ಲಿ ತೈವಾನ್ ಎಳೆಗೂಸುಗಳಿಗೆ ಲಸಿಕೆ ಹಾಕಲಾರಂಭಿಸಿದ ಮೇಲೆ ಅಲ್ಲಿನ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರೂ ಇಳಿಯಿತು.

ನಮ್ಮ ಮನೆಯಲ್ಲಾದರೋ ಕಾಮಾಲೆಯೆಂದರೆ ನೆಲನೆಲ್ಲಿ. ಅಜ್ಜಿ ಅದನ್ನು ಬೇರುಸಹಿತ ಅರೆದು, ಮಜ್ಜಿಗೆಯಲ್ಲಿ ಕದಡಿ ಬರಿಹೊಟ್ಟೆಗೆ ಕುಡಿಸುತ್ತಿದ್ದಳು. ಗುಣವಾದವರನ್ನು ಬೆರಳು ಮಡಿಸಿ ಎಣಿಸುತ್ತಿದ್ದಳು. ಅವಳು ಹೇಳಿದ್ದು ಸುಳ್ಳಲ್ಲ. ಆದರೆ ವೈರಸ್ಸಿನ ಕಾಮಾಲೆ ಬಹುಪಾಲು ತಾನಾಗಿಯೇ ಇಳಿಯುತ್ತದೆ. ಕೀರ್ತಿ ಮಾತ್ರ ಗಿಡಕ್ಕೆ ಸೇರುತ್ತದೆ. ನಮ್ಮ ಚಿಕ್ಕಪ್ಪನ ಕಣ್ಣೂ ಹಾಗೆಯೇ ತಿಳಿಯಾಯಿತು. ಇಪ್ಪತ್ತು ವರ್ಷದ ಮೇಲೆ ಹೊಟ್ಟೆಯಲ್ಲಿ ನೀರು ತುಂಬಿ ತೀರಿಕೊಂಡರು. ವೈರಸ್ಸು ಅಷ್ಟು ಕಾಲವೂ ರಕ್ತದಲ್ಲೇ ಉಳಿದಿತ್ತು. ಆ ಹೊತ್ತಿಗೆ ಅಜ್ಜಿ ಇರಲಿಲ್ಲ. ಅವಳ ಬೆರಳೆಣಿಕೆಯಲ್ಲಿ ಚಿಕ್ಕಪ್ಪ ಗುಣವಾದವರಾಗಿಯೇ ಉಳಿದರು.

ಬ್ಲೂಂಬರ್ಗ್ ಈ ನೆಲನೆಲ್ಲಿಯನ್ನು ಕಂಡು ನಗಲಿಲ್ಲ. ಮದರಾಸಿನ ವಿಜ್ಞಾನಿಗಳೊಡನೆ ಕೂಡಿ, ವೈರಸ್ಸನ್ನು ಬಹುಕಾಲ ಹೊತ್ತಿದ್ದವರ ಮೇಲೆ ಅದನ್ನು ಪರೀಕ್ಷಿಸಿದರು. ಗಿಡದ ಪುಡಿ ತಿಂದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ಗುರುತು ಮಾಯವಾಯಿತು. ಬರಿಯ ತೋರಿಕೆಯ ಔಷಧಿ ತಿಂದ 23 ಮಂದಿಯಲ್ಲಿ ಒಬ್ಬನಿಂದ ಮಾತ್ರ. 1988ರಲ್ಲಿ ಇದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದಾಗ ಆಸೆ ಚಿಗುರಿತು. ಮುಂದೆ ಬೇರೆಡೆ ನಡೆದ ಪರೀಕ್ಷೆಗಳಲ್ಲಿ ಆ ಫಲ ಕಾಣಲಿಲ್ಲ, ಆಸೆ ಬಾಡಿತು. ತಿಂದವರನ್ನೂ ತಿನ್ನದವರನ್ನೂ ಎರಡು ಸಾಲಿನಲ್ಲಿ ನಿಲ್ಲಿಸಿ ಎಣಿಸುವ ಕ್ರಮ ಅದು. ಅಜ್ಜಿಯ ಕೈಯಲ್ಲಿ ಒಂದೇ ಸಾಲಿತ್ತು.

ಬ್ಲೂಂಬರ್ಗ್ ತೀರಿಕೊಂಡ 2011ರಲ್ಲೇ ಈ ಲಸಿಕೆ ನಮ್ಮ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಎಲ್ಲೆಡೆ ಹರಡಿತು. ಕಳೆದ ವರ್ಷ ನಮ್ಮ ಮೊಮ್ಮಗಳು ಹುಟ್ಟಿದ ದಿನ ನರ್ಸಮ್ಮ ಸೂಜಿ ಹಿಡಿದು ಬಂದಾಗ ಬೀಗಿತ್ತಿಯವರು, “ಕಣ್ಣು ಬಿಡದ ಕೂಸಿಗೆ ಈಗಲೇ ಯಾಕಮ್ಮಾ? ನಾಮಕರಣವಾದರೂ ಆಗಲಿ” ಎಂದರು. ನ್ಯಾಯವಾದ ಮರುಕವೇ. ಆದರೆ ಹೆರಿಗೆಯಲ್ಲಿ ತಾಯಿಯಿಂದ ಸೋಂಕು ತಗಲಿದ ಕೂಸುಗಳಲ್ಲಿ ನೂರಕ್ಕೆ ತೊಂಬತ್ತು ಜೀವನವಿಡೀ ಅದನ್ನು ಹೊತ್ತುಕೊಂಡಿರುತ್ತವೆ. ದೊಡ್ಡವರಲ್ಲಿ ನೂರಕ್ಕೆ ಐದಷ್ಟೇ. ಅದಕ್ಕೇ ಇಪ್ಪತ್ತನಾಲ್ಕು ಗಂಟೆಯೊಳಗೆ ಹಾಕಬೇಕೆಂಬ ಅವಸರ. ನಾನು ಬೀಗಿತ್ತಿಯವರಿಗೆ ಚಿಕ್ಕಪ್ಪನ ಕಥೆ ಹೇಳಿದೆ. ಅವರು ಕೂಸಿನ ಕಾಲನ್ನು ತಾವೇ ಹಿಡಿದುಕೊಂಡರು.

ನೆಲನೆಲ್ಲಿ ಈಗಲೂ ನಮ್ಮ ಹೂಕುಂಡಗಳಲ್ಲಿ ಕರೆಯದೆ ಬಂದು ಬೆಳೆಯುತ್ತದೆ. ಕಿತ್ತು ತಂಬುಳಿ ಮಾಡುತ್ತೇವೆ.